ಬಾಸ್ ಗಿಟಾರ್ ಒಬ್ಬೊಬ್ಬರಿಗೆ ಒಂದೊಂದು ಯಾಕೆ? ದುಡ್ಡು ಹಾಕೋ ಮುಂಚೆ ಇಷ್ಟು ತಿಳ್ಕೊಳ್ಳಿ

ಸಾಗರ: ಗಣಪತಿ ಹಬ್ಬ ಬಂತು ಅಂದ್ರೆ ಊರೂರಲ್ಲಿ ರಸಮಂಜರಿ ಶುರು. ಹಾಡುವವರು ಎಲ್ಲರಿಗೂ ಗೊತ್ತು. ಕೀಬೋರ್ಡ್, ರಿದಂ ಪ್ಯಾಡ್‌ನವರನ್ನೂ ಜನ ಗುರುತು ಹಿಡೀತಾರೆ. ಆದರೆ ಹಿಂದುಗಡೆ ಉದ್ದನೆಯ ಗಿಟಾರ್ ತೂಗಿಹಾಕಿಕೊಂಡು, ಜಾಸ್ತಿ ಅಲ್ಲಾಡದೆ ನಿಂತಿರುವವರು ಏನು ನುಡಿಸ್ತಾರೆ ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನಕ್ಕೆ ಉತ್ತರ ಗೊತ್ತಿರೋದಿಲ್ಲ. ಅದು ಬಾಸ್ ಗಿಟಾರ್. ಸಾಮಾನ್ಯವಾಗಿ ನಾಲ್ಕೇ ತಂತಿ, ದಪ್ಪ ದನಿ.

ಈಗ ಈ ವಾದ್ಯ ಕಲಿಯೋ ಆಸೆ ಇರುವ ಹುಡುಗ ಹುಡುಗಿಯರು ನಮ್ಮ ಕಡೆಯೂ ಇದ್ದಾರೆ. ಮೊಬೈಲ್‌ನಲ್ಲಿ ಯಾರದೋ ವಿಡಿಯೊ ನೋಡಿ, ಅವರ ಕೈಯಲ್ಲಿದ್ದ ಕಂಪನಿಯದ್ದೇ ಬೇಕು ಅಂತ ಹಟ ಹಿಡಿಯೋದು, ಅಪ್ಪ ಅಮ್ಮ ಕಂತಿನಲ್ಲಿ ಕೊಡಿಸೋದು, ಆರು ತಿಂಗಳಿಗೆ ಅದು ಅಟ್ಟ ಸೇರೋದು, ಇಂಥದ್ದೂ ಆಗುತ್ತೆ. ಕಲಿಯೋಕೆ ಮನಸ್ಸಿಲ್ಲ ಅಂತ ಮಕ್ಕಳಿಗೆ ಬೈಯೋ ಮುಂಚೆ ಒಂದು ವಿಷಯ ನೋಡಬೇಕು: ಆ ವಾದ್ಯ ಆ ಕೈಗೆ ಒಗ್ಗಿತ್ತಾ? ಅಡಿಕೆ ಸುಲಿಯೋಕೆ ಕೂತವರಿಗೆ ತಮ್ಮ ಕತ್ತಿನೇ ಆಗಬೇಕು, ಪಕ್ಕದವರ ಕತ್ತಿ ಎಷ್ಟೇ ಹರಿತ ಇದ್ದರೂ ಕೈ ಓಡೋದಿಲ್ಲ. ಬಾಸ್ ಗಿಟಾರ್ ವಿಷಯವೂ ಅಷ್ಟೆ.

ಬಾಸ್ ಮಾಡೋ ಕೆಲಸ ಏನು?

ಮಾಮೂಲಿ ಗಿಟಾರ್‌ಗೆ ಆರು ತಂತಿ. ಅದರಲ್ಲಿ ದಪ್ಪನೆಯ ನಾಲ್ಕು ತಂತಿಗಳ ಸ್ವರವನ್ನೇ ಒಂದು ಸ್ಥಾಯಿ ಕೆಳಗೆ ಇಳಿಸಿದರೆ ಬಾಸ್ ಗಿಟಾರ್ ಆಯ್ತು. ಇ, ಎ, ಡಿ, ಜಿ ಅಂತ ನಾಲ್ಕು ತಂತಿ. ಎಲ್ಲಕ್ಕಿಂತ ದಪ್ಪದ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಮಾಮೂಲಿ ಗಿಟಾರ್‌ನ ದಪ್ಪ ತಂತಿ ಸುಮಾರು 82 ಸಲ. ಅಂದ್ರೆ ಬಾಸ್ ಪೂರ್ತಿ ಮಂದ್ರದಲ್ಲೇ ಓಡಾಡೋ ವಾದ್ಯ. ಡೊಳ್ಳಿನ ಪೆಟ್ಟು ಹೇಗೆ ಕಿವಿಗಿಂತ ಮೊದಲು ಎದೆಗೆ ತಾಗುತ್ತೋ ಹಾಗೆ. ತಾಳವನ್ನೂ ರಾಗವನ್ನೂ ಕಟ್ಟಿಹಾಕೋ ಹಗ್ಗ ಇದು. ಇದ್ದಾಗ ಗಮನಕ್ಕೆ ಬರೋದಿಲ್ಲ, ನಿಂತುಹೋದರೆ ಹಾಡು ಪೊಳ್ಳಾಗುತ್ತೆ.

ನಂಬಿಕೆ ಇಲ್ಲದಿದ್ದರೆ ಒಂದು ಪರೀಕ್ಷೆ ಮಾಡಿ. 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಮೊದಲು ಮೊಬೈಲ್ ಸ್ಪೀಕರ್‌ನಲ್ಲಿ ಕೇಳಿ, ಆಮೇಲೆ ಒಳ್ಳೆ ಇಯರ್‌ಫೋನ್ ಹಾಕಿ ಕೇಳಿ. ಶಂಕರ್ ನಾಗ್ ಚಿತ್ರ, ಇಳಯರಾಜ ಸಂಗೀತ. ಬಾಸ್ ಗಿಟಾರನ್ನು ಬರೀ ಆಧಾರಕ್ಕೆ ಇಡದೆ, ಅದಕ್ಕೇ ಒಂದು ನಡೆ ಕೊಟ್ಟವರಲ್ಲಿ ಇಳಯರಾಜ ಮುಖ್ಯರು. ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಹೊರಡಿಸೋ ತಾಕತ್ತಿಲ್ಲ. ಇಯರ್‌ಫೋನ್‌ನಲ್ಲಿ ಕೇಳಿದಾಗ ‘ಅರೆ, ಇದೂ ಇತ್ತಾ’ ಅನ್ನಿಸುತ್ತೆ.

ರೇಡಿಯೊ ರಿಪೇರಿ ಅಂಗಡಿಯಿಂದ ಬಂದ ವಾದ್ಯ

ಮೊದಲು ಬಾಸ್ ಅಂದ್ರೆ ಆಳೆತ್ತರದ, ನಿಂತು ನುಡಿಸೋ ಪಿಟೀಲಿನ ಆಕಾರದ ಡಬಲ್ ಬಾಸ್. ಸಾಗಿಸೋದು ಕಷ್ಟ, ಡ್ರಮ್ಸ್ ಗಲಾಟೆಯಲ್ಲಿ ಕೇಳೋದೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಅನ್ನೋ ಊರಲ್ಲಿ ಲಿಯೋ ಫೆಂಡರ್ ಅಂತ ಒಬ್ಬರಿದ್ದರು. 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ. ಆದರೆ ಅಂಗಡಿಗೆ ಬರ್ತಿದ್ದ ಸಂಗೀತದವರ ತಕರಾರುಗಳನ್ನು ಚೆನ್ನಾಗಿ ಕೇಳಿಸ್ಕೊಳ್ತಿದ್ದರು. ಗಿರಾಕಿ ಮಾತಿಗೆ ಕಿವಿ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ಅಂಗಡಿ ಇಟ್ಟವರೆಲ್ಲ ಇವರನ್ನು ನೋಡಬಹುದು.

1951ರಲ್ಲಿ ಅವರು ತಂದಿದ್ದು ‘ಪ್ರಿಸಿಷನ್ ಬಾಸ್’. ಗಿಟಾರ್‌ನಂತೆ ಕುತ್ತಿಗೆಗೆ ತೂಗಿಹಾಕ್ಕೊಂಡು ನುಡಿಸಬಹುದು, ಕರೆಂಟ್ ಆಂಪ್‌ಗೆ ಜೋಡಿಸಬಹುದು. ಬೆರಳು ಇಡೋ ಪಟ್ಟಿಯ ಮೇಲೆ ಅಡ್ಡಡ್ಡ ಲೋಹದ ಗೆರೆಗಳಿವೆ, ಇದಕ್ಕೆ ಫ್ರೆಟ್ ಅಂತಾರೆ. ಡಬಲ್ ಬಾಸ್‌ನಲ್ಲಿ ಈ ಗೆರೆ ಇಲ್ಲ, ಸ್ವರ ಅಂದಾಜಿನ ಮೇಲೆ ಹಿಡೀಬೇಕು. ಫ್ರೆಟ್ ಇದ್ದರೆ ಸ್ವರ ನಿಖರ, ಅದಕ್ಕೇ ಆ ಹೆಸರು. 1960ರಲ್ಲಿ ಅದೇ ಕಂಪನಿ ‘ಜಾಝ್ ಬಾಸ್’ ತಂತು. ಇವತ್ತು ನೀವು ನೋಡುವ ಬಾಸ್‌ಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದನ್ನು ನೋಡಿ ಮಾಡಿದಂಥವೇ.

ದೊಡ್ಡವರು ಹೇಗೆ ಆರಿಸಿದರು?

ದೊಡ್ಡ ವಾದಕರು ದೊಡ್ಡ ಬೆಲೆಯದ್ದನ್ನೇ ಆರಿಸಿರ್ತಾರೆ ಅನ್ನೋದು ನಮ್ಮ ಅಂದಾಜು. ನಿಜ ಕಥೆಗಳು ಬೇರೆಯೇ ಇವೆ.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಾಫ್ನರ್ ಕಂಪನಿಯ ಬಾಸ್ ಕೊಂಡರು. ಬೆಲೆ ಸುಮಾರು 30 ಪೌಂಡ್. ಫೆಂಡರ್‌ಗೆ ಆಗ ಸುಮಾರು 100 ಪೌಂಡ್ ಇತ್ತು, ಅಷ್ಟು ದುಡ್ಡು ಅವರ ಹತ್ರ ಇರಲಿಲ್ಲ. ಎರಡನೇ ಕಾರಣ, ಅವರು ಎಡಗೈಯವರು. ಹಾಫ್ನರ್‌ನ ಆಕಾರ ಪಿಟೀಲಿನಂತೆ ಎರಡೂ ಕಡೆ ಒಂದೇ ಥರ, ತಿರುಗಿಸಿ ಹಿಡಿದರೂ ವಿಚಿತ್ರ ಕಾಣೋದಿಲ್ಲ. ಒಳಗೆ ಪೊಳ್ಳು, ತೂಕ ಕಮ್ಮಿ. ದುಡ್ಡಿಲ್ಲದ ಹುಡುಗನ ಆಯ್ಕೆ ಮುಂದೆ ಪ್ರಪಂಚದಲ್ಲೇ ಹೆಸರಾದ ಬಾಸ್ ಆಯ್ತು. 1972ರಲ್ಲಿ ಲಂಡನ್‌ನಲ್ಲಿ ಕಳುವಾದ ಆ ವಾದ್ಯ ಐವತ್ತು ವರ್ಷ ದಾಟಿದ ಮೇಲೆ ಸಿಕ್ತು, ವಾಪಸ್ ಕೈಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಂತು.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ನೂರಾರು ಹಾಡುಗಳಿಗೆ ಬಾಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಅವರದ್ದು 1962ರ ಪ್ರಿಸಿಷನ್ ಬಾಸ್. ತಂತಿ ಹಳೇದಾದಷ್ಟೂ ಅವರಿಗೆ ಇಷ್ಟ, ತುಂಡಾದರೆ ಮಾತ್ರ ಬದಲಾವಣೆ. ತಂತಿ ಪಟ್ಟಿಯಿಂದ ಎಷ್ಟು ಎತ್ತರ ಇತ್ತು ಅಂದ್ರೆ ಬೇರೆಯವರಿಗೆ ಒತ್ತೋಕೇ ಕಷ್ಟ. ಅವರು ಮೊದಲು ಡಬಲ್ ಬಾಸ್ ನುಡಿಸಿದವರು, ಆ ಗಟ್ಟಿ ಕೈಗೆ ಅದೇ ಸರಿ. ಬಲಗೈಯಲ್ಲಿ ಒಂದೇ ತೋರುಬೆರಳಲ್ಲಿ ಮೀಟ್ತಿದ್ದರು.

ಲಾಸ್ ಏಂಜಲೀಸ್‌ನ ಕ್ಯಾರಲ್ ಕೇ ಮೊದಲು ಗಿಟಾರ್ ವಾದಕಿ. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬಾಸ್‌ನವರು ಬರಲಿಲ್ಲ ಅಂತ ಇವರ ಕೈಗೆ ಬಾಸ್ ಕೊಟ್ಟರು. ಗಿಟಾರ್ ಅಭ್ಯಾಸ ಬಿಡದೆ ಪ್ಲೆಕ್ಟ್ರಮ್ ಹಿಡಿದೇ ನುಡಿಸಿದರು, ತಂತಿ ಜಾಸ್ತಿ ಹೊತ್ತು ಗುಂಯ್‌ಗುಡದಂತೆ ಫೆಲ್ಟ್ ಬಟ್ಟೆ ತುಂಡು ಇಡ್ತಿದ್ದರು. ಸ್ಟುಡಿಯೊಗಳಲ್ಲಿ ಆ ದನಿಗೇ ಬೇಡಿಕೆ ಬಂತು. ಬಾಸ್ ಗಂಡಸರ ವಾದ್ಯ ಅನ್ನೋರಿಗೆ ಇವರೇ ಉತ್ತರ. ನಮ್ಮ ದೇಶದಲ್ಲಿ ಮುಂಬೈನ ಮೋಹಿನಿ ಡೇ ಇದ್ದಾರೆ, ಬಾಸ್ ವಾದಕರಾದ ತಂದೆಯಿಂದಲೇ ಕಲಿತವರು.

ಜಾಕೊ ಪಾಸ್ಟೋರಿಯಸ್ ಇನ್ನೊಂದು ಥರ. ಅವರ ಜಾಝ್ ಬಾಸ್‌ನಲ್ಲಿ ಫ್ರೆಟ್‌ಗಳೇ ಇರಲಿಲ್ಲ, ಎಲ್ಲ ಕಿತ್ತು, ಮರದ ಮೇಲೆ ದೋಣಿಗೆ ಬಳಿಯೋ ಎಪಾಕ್ಸಿ ಹಚ್ಚಿತ್ತು. ಲಿಯೋ ಫೆಂಡರ್ ನಿಖರ ಸ್ವರಕ್ಕೆ ಅಂತ ಹಾಕಿದ್ದನ್ನೇ ತೆಗೆದುಬಿಟ್ಟರು. ಅವರಿಗೆ ಬೇಕಾಗಿದ್ದು ಸ್ವರದಿಂದ ಸ್ವರಕ್ಕೆ ಜಾರೋ ಗುಣ. ನಮ್ಮ ಕಿವಿಗೆ ಹೇಳೋದಾದರೆ, ಹಾರ್ಮೋನಿಯಂನಲ್ಲಿ ಬಾರದೆ ಪಿಟೀಲಿನಲ್ಲಿ ಬರೋ ಆ ಜಾರು.

ಇಲ್ಲಿ ಒಬ್ಬರದ್ದು ದುಡ್ಡಿನ ಲೆಕ್ಕ, ಒಬ್ಬರದ್ದು ಹಳೇ ಅಭ್ಯಾಸ, ಒಬ್ಬರದ್ದು ಕಿವಿಯ ಹಟ. ಯಾರೂ ‘ಯಾವುದು ಬೆಸ್ಟ್’ ಅಂತ ಹುಡುಕಲಿಲ್ಲ. ‘ನನಗೆ ಯಾವುದು’ ಅಂತ ಹುಡುಕಿದರು.

ಮೊದಲ ಲೆಕ್ಕ ಕೈಯದ್ದು

ಸಾಮಾನ್ಯ ಬಾಸ್‌ನ ತಂತಿಯ ಉದ್ದ 34 ಇಂಚು, ಇದಕ್ಕೆ ಲಾಂಗ್ ಸ್ಕೇಲ್ ಅಂತಾರೆ. ಮೆಕಾರ್ಟ್ನಿ ಹಾಫ್ನರ್‌ನಂಥವು 30 ಇಂಚಿನ ಶಾರ್ಟ್ ಸ್ಕೇಲ್. ನಾಲ್ಕು ಇಂಚಿಗೆ ಏನು ವ್ಯತ್ಯಾಸ ಅನ್ನಬೇಡಿ. ತಂತಿ ಶುರುವಾಗೋ ಜಾಗದಿಂದ ನಾಲ್ಕನೇ ಫ್ರೆಟ್‌ಗೆ 34 ಇಂಚಿನದ್ದರಲ್ಲಿ ಸುಮಾರು 17.8 ಸೆಂ.ಮೀ., 30 ಇಂಚಿನದ್ದರಲ್ಲಿ 15.7 ಸೆಂ.ಮೀ. ಎಡಗೈ ಬೆರಳು ಅಷ್ಟು ಅಗಲ ಚಾಚಬೇಕು. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ, ಸಣ್ಣ ಕೈಯವರಿಗೆ ಈ ಎರಡು ಸೆಂ.ಮೀ. ದೊಡ್ಡದು. ಶಾರ್ಟ್ ಸ್ಕೇಲ್‌ನಲ್ಲಿ ತಂತಿಯ ಬಿಗಿ ಕಮ್ಮಿ, ದನಿ ಸ್ವಲ್ಪ ದುಂಡಗೆ. ಅದು ಮಕ್ಕಳ ಆಟದ ಸಾಮಾನಲ್ಲ.

ನೆಕ್, ಅಂದ್ರೆ ಕೋಲಿನ ಅಗಲವೂ ಮುಖ್ಯ. ತಂತಿ ಶುರುವಾಗುವಲ್ಲಿ ಪ್ರಿಸಿಷನ್‌ನದ್ದು ಸಾಮಾನ್ಯವಾಗಿ 41 ಮಿ.ಮೀ. ಆಸುಪಾಸು, ಜಾಝ್‌ನದ್ದು 38 ಮಿ.ಮೀ. ಮೂರು ಮಿಲಿಮೀಟರ್ ಅಷ್ಟೆ, ಆದರೂ ‘ಜಾಝ್ ಬಿಟ್ಟು ಬೇರೆ ಬೇಡ’ ಅನ್ನೋರು, ‘ಅದು ಕಡ್ಡಿ ಹಿಡಿದಂಗಿರುತ್ತೆ’ ಅನ್ನೋರು ಎರಡೂ ಪಾರ್ಟಿ ಇದೆ.

ತೂಕ ಮಾಮೂಲಾಗಿ ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದರೆ ಗೊತ್ತಾಗೋದಿಲ್ಲ. ರಸಮಂಜರಿಯಲ್ಲಿ ಮೂರು ನಾಲ್ಕು ಗಂಟೆ ಎಡ ಹೆಗಲ ಮೇಲೆ ನೇತಾಡಬೇಕು. ಕೆಲವು ಬಾಸ್‌ಗಳಲ್ಲಿ ಕೈ ಬಿಟ್ಟರೆ ನೆಕ್ ನೆಲದ ಕಡೆ ವಾಲುತ್ತೆ. ಅದನ್ನು ಎತ್ತಿ ಹಿಡಿಯೋದರಲ್ಲೇ ಎಡಗೈ ಸೋತುಹೋಗುತ್ತೆ. ಬೆಲ್ಟ್ ಹಾಕ್ಕೊಂಡು ನಿಂತು, ಎರಡೂ ಕೈ ಬಿಟ್ಟು ನೋಡಿ. ಅಗಲವಾದ ಬೆಲ್ಟ್ ತಗೊಂಡರೆ ಹೆಗಲಿಗೆ ಒಳ್ಳೇದು.

ಎರಡನೇ ಲೆಕ್ಕ ಕಿವಿಯದ್ದು

ದನಿ ಬದಲಾಯಿಸೋಕೆ ಅಗ್ಗದ ದಾರಿ ಗಿಟಾರ್ ಬದಲಾಯಿಸೋದಲ್ಲ, ತಂತಿ ಬದಲಾಯಿಸೋದು. ತಂತಿಯ ಮೇಲೆ ದುಂಡನೆ ಸರಿಗೆ ಸುತ್ತಿದ್ದರೆ ರೌಂಡ್‌ವೌಂಡ್. ಕೈಗೆ ಗರಗರ ಅನ್ನುತ್ತೆ, ದನಿ ಚುರುಕು. ಚಪ್ಪಟೆ ಪಟ್ಟಿ ಸುತ್ತಿದ್ದರೆ ಫ್ಲಾಟ್‌ವೌಂಡ್. ಕೈಗೆ ನುಣುಪು, ದನಿ ಗುಂಡಗೆ, ಹಳೇ ಹಾಡಿನ ಥರ. ಜೇಮರ್ಸನ್ ಫ್ಲಾಟ್‌ವೌಂಡ್ ಪಾರ್ಟಿ. ಎಂಬತ್ತರ ದಶಕದ ಹಾಡು ಜಾಸ್ತಿ ನುಡಿಸುವವರು ಇದನ್ನು ಒಮ್ಮೆ ಹಾಕಿ ನೋಡಬಹುದು.

ಇನ್ನು ಪಿಕಪ್. ತಂತಿಯ ಕಂಪನವನ್ನು ಕರೆಂಟ್ ಸಿಗ್ನಲ್ ಮಾಡೋ, ಮ್ಯಾಗ್ನೆಟ್‌ಗೆ ತಂತಿ ಸುತ್ತಿದ ಭಾಗ ಅದು. ಪ್ರಿಸಿಷನ್‌ನಲ್ಲಿ 1957ರಿಂದ ಎರಡು ತುಂಡಾದ ಒಂದು ಪಿಕಪ್, ಜಾಝ್‌ನಲ್ಲಿ ಬೇರೆ ಬೇರೆ ಎರಡು. ಪ್ರಿಸಿಷನ್‌ನದ್ದು ಒಂದೇ ಬಗೆಯ ಗಟ್ಟಿ ದನಿ, ಜಾಝ್‌ನಲ್ಲಿ ಎರಡನ್ನೂ ಹೆಚ್ಚುಕಮ್ಮಿ ಮಾಡಿ ಬೇಕಾದ ದನಿ ತೆಗೀಬಹುದು.

ಇಲ್ಲಿ ನಮ್ಮ ಪೆಂಡಾಲ್‌ಗೆ ಸಂಬಂಧಪಟ್ಟ ಒಂದು ಮಾತಿದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್‌ನದ್ದು. ಅರ್ಥಿಂಗ್ ಸರಿ ಇಲ್ಲದ ಕಡೆ, ಜಗಮಗ ಲೈಟಿನ ಡಿಮ್ಮರ್ ಇರುವ ಕಡೆ ಸಿಂಗಲ್ ಕಾಯಿಲ್ ಪಿಕಪ್ ಆ ಗುಂಯ್ ಶಬ್ದವನ್ನು ಎಳ್ಕೊಳ್ಳುತ್ತೆ. ಬಾಸ್‌ನ ಇ ತಂತಿಯಲ್ಲಿ ಮೂರನೇ ಫ್ರೆಟ್ ಒತ್ತಿದರೆ ಬರೋ ಜಿ ಸ್ವರ 49 ಹರ್ಟ್ಸ್. ಅಂದ್ರೆ ಕರೆಂಟಿನ ಗುಂಯ್ ಮತ್ತು ಬಾಸ್‌ನ ಸ್ವರ ಅಕ್ಕಪಕ್ಕದ ಮನೆಯವು, ಸೌಂಡ್‌ನವರು ಒಂದನ್ನು ಕತ್ತರಿಸೋಕೆ ಹೋದರೆ ಇನ್ನೊಂದೂ ಹೋಗುತ್ತೆ. ಪ್ರಿಸಿಷನ್‌ನ ತುಂಡು ಪಿಕಪ್ ಈ ಗುಂಯ್ ಅನ್ನು ತಾನೇ ರದ್ದು ಮಾಡ್ಕೊಳ್ಳುತ್ತೆ. ಜಾಝ್‌ನಲ್ಲಿ ಎರಡೂ ವಾಲ್ಯೂಮ್ ಸಮ ಇಟ್ಟರೆ ಸಾಮಾನ್ಯವಾಗಿ ಕಮ್ಮಿಯಾಗುತ್ತೆ. ಊರೂರು ತಿರುಗೋ ಆರ್ಕೆಸ್ಟ್ರಾದವರಿಗೆ ಇದು ಸಣ್ಣ ವಿಷಯ ಅಲ್ಲ.

ಕೆಲವು ಬಾಸ್‌ಗಳಲ್ಲಿ ಒಳಗೇ ಪ್ರಿ-ಆಂಪ್ ಇರುತ್ತೆ, ಅದು ಆಕ್ಟಿವ್. 9 ವೋಲ್ಟ್ ಬ್ಯಾಟರಿ ಬೇಕು. ಕೇಬಲ್ ಚುಚ್ಚಿ ಬಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಖಾಲಿಯಾಗುತ್ತೆ. ರಾತ್ರಿ ಹನ್ನೊಂದಕ್ಕೆ ಹಳ್ಳಿಯಲ್ಲಿ ಕಾರ್ಯಕ್ರಮದ ಮಧ್ಯೆ ದನಿ ಸತ್ತರೆ ಯಾವ ಅಂಗಡಿ ಬಾಗಿಲೂ ತೆರೆದಿರೋದಿಲ್ಲ. ಬ್ಯಾಗಿನಲ್ಲಿ ಒಂದು ಹೆಚ್ಚಿನ ಬ್ಯಾಟರಿ ಇರಲಿ.

ನಾಲ್ಕು ತಂತಿಯಾ, ಐದಾ?

ಐದು ತಂತಿಯ ಬಾಸ್‌ನಲ್ಲಿ ಇ ತಂತಿಗಿಂತ ಕೆಳಗೆ ಬಿ ತಂತಿ ಇರುತ್ತೆ, ಸುಮಾರು 31 ಹರ್ಟ್ಸ್. ಯಾಕೆ ಬೇಕು? ರಸಮಂಜರಿಯಲ್ಲಿ ಹಾಡುವವರ ಶ್ರುತಿಗೆ ಹಾಡು ಏರುತ್ತೆ, ಇಳಿಯುತ್ತೆ. ಇ ಶ್ರುತಿಯ ಹಾಡನ್ನು ಡಿಗೆ ಇಳಿಸಿದರೆ ನಾಲ್ಕು ತಂತಿಯವರಿಗೆ ಕೆಳಗಿನ ಡಿ ಸ್ವರವೇ ಇಲ್ಲ. ಮೇಲಿನ ಸ್ಥಾಯಿಯಲ್ಲಿ ನುಡಿಸಬೇಕು, ಆಗ ಹಾಡಿನ ಭಾರ ಕಮ್ಮಿಯಾಗುತ್ತೆ. ಇಲ್ಲ ಅಂದ್ರೆ ಇ ತಂತಿಯನ್ನೇ ಸಡಿಲ ಮಾಡಿ ಡಿಗೆ ಇಳಿಸಬೇಕು. ಐದು ತಂತಿ ಇದ್ದರೆ ಆ ತಲೆನೋವಿಲ್ಲ. ಭಾಗವತರ ಶ್ರುತಿಗೆ ತಕ್ಕ ಮದ್ದಳೆ ಬೇಕು ಅಂತ ಯಕ್ಷಗಾನದವರಿಗೆ ಹೇಳಿಕೊಡಬೇಕಾಗಿಲ್ಲ, ಇದೂ ಅದೇ ಲೆಕ್ಕ.

ಆದರೆ ಐದು ತಂತಿಯದ್ದು ನೆಕ್ ಅಗಲ, ತೂಕವೂ ಸಾಮಾನ್ಯವಾಗಿ ಜಾಸ್ತಿ. ನುಡಿಸದ ತಂತಿ ಗುಂಯ್‌ಗುಡದಂತೆ ಬೆರಳಲ್ಲಿ ತಡೆಯೋ ಅಭ್ಯಾಸವೂ ಬೇಕು. ನಮ್ಮ ಕಡೆಯ ಎಷ್ಟೋ ಸ್ಪೀಕರ್ ಸೆಟ್‌ಗಳು 31 ಹರ್ಟ್ಸ್ ಪೂರ್ತಿ ಹೊರಡಿಸೋದೂ ಇಲ್ಲ. ಮನೆಯಲ್ಲಿ ಕಲಿಯೋರಿಗೆ ನಾಲ್ಕು ಸಾಕು. ಗಾಯಕರ ಜೊತೆ ದುಡಿಯೋರು ಐದರ ಬಗ್ಗೆ ಯೋಚಿಸಬಹುದು.

ನಮ್ಮ ಬೀಟೆ, ನಮ್ಮ ಮಳೆ

ಬಾಸ್‌ನ ಬೆರಳುಪಟ್ಟಿಗೆ ಬಳಸೋ ‘ಇಂಡಿಯನ್ ರೋಸ್‌ವುಡ್’ ಅಂದ್ರೆ ಬೇರೇನಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ. ಬ್ರೆಜಿಲ್‌ನ ರೋಸ್‌ವುಡ್ ಸಿಗದಂತಾದ ಮೇಲೆ ಗಿಟಾರ್ ಕಂಪನಿಗಳು ನೆಚ್ಚಿದ್ದು ಇದನ್ನೇ. 2017ರ ಜನವರಿಯಿಂದ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ನಿಯಮ ಬಂದಾಗ ಕೆಲವು ಕಂಪನಿಗಳು ಬೇರೆ ಮರಕ್ಕೆ ಹೋದವು. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ತು. ಮರದಿಂದ ದನಿ ಎಷ್ಟು ಬದಲಾಗುತ್ತೆ ಅನ್ನೋದರ ಬಗ್ಗೆ ವಾದಕರಲ್ಲೇ ಜಗಳ ಇದೆ. ತಂತಿ, ಪಿಕಪ್, ಬೆರಳು ಬದಲಾದರೆ ದನಿ ಬದಲಾಗೋದು ಮಾತ್ರ ಯಾರ ಕಿವಿಗೂ ಗೊತ್ತಾಗುತ್ತೆ. ಹಾಗಾಗಿ ಮರದ ಹೆಸರು ಕೇಳಿ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಮಳೆಗಾಲದ್ದು ಬೇರೆ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಲ್ಲಿ ಬಾಗಿಲೇ ಉಬ್ಬಿ ಮುಚ್ಚೋಕೆ ಬರೋದಿಲ್ಲ, ಇನ್ನು ಗಿಟಾರ್ ಬಿಡುತ್ತಾ? ತೇವಕ್ಕೆ ನೆಕ್ ಬಾಗುತ್ತೆ, ತಂತಿ ತುಕ್ಕು ಹಿಡಿಯುತ್ತೆ. ನೆಕ್ ಒಳಗೆ ಟ್ರಸ್ ರಾಡ್ ಅಂತ ಕಬ್ಬಿಣದ ಸರಳು ಇರುತ್ತೆ, ಅದನ್ನು ಕೀಲಿಯಿಂದ ತಿರುಗಿಸಿ ನೇರ ಮಾಡ್ಕೋಬಹುದು. ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಗೊತ್ತಿಲ್ಲದವರು ಕೈ ಹಾಕದಿದ್ದರೆ ಒಳ್ಳೇದು. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ, ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಒಲೆ ಪಕ್ಕ, ಬಿಸಿಲು ಬೀಳೋ ಕಾರಿನಲ್ಲಿ ಇಡಬೇಡಿ.

ಕೊಳ್ಳೋಕೆ ಹೋದಾಗ

ಹೊಸ ಬಾಸ್ ಹತ್ತು ಹದಿನೈದು ಸಾವಿರದ ಆಸುಪಾಸಿನಿಂದ ಶುರುವಾಗಿ ಲಕ್ಷ ದಾಟೋದೂ ಇದೆ. ಆಂಪ್, ಕೇಬಲ್, ಬೆಲ್ಟ್, ಬ್ಯಾಗ್, ಟ್ಯೂನರ್ ಲೆಕ್ಕ ಬೇರೆ. ಪೂರ್ತಿ ದುಡ್ಡು ಗಿಟಾರ್‌ಗೇ ಹಾಕಬೇಡಿ. ಸೆಕೆಂಡ್ ಹ್ಯಾಂಡ್ ತಗೊಂಡರೂ ತಪ್ಪಿಲ್ಲ, ಆದರೆ ಇವಿಷ್ಟು ನೋಡಿ:

- ಕೂತು, ನಿಂತು ಎರಡೂ ಥರ ಕನಿಷ್ಠ ಹದಿನೈದು ನಿಮಿಷ ನುಡಿಸಿ. ನುಡಿಸೋಕೆ ಬಾರದಿದ್ದರೆ ಬರುವವರನ್ನು ಕರ್ಕೊಂಡು ಹೋಗಿ, ಆದರೆ ಹಿಡಿದು ನೋಡೋದು ನೀವೇ ಆಗಬೇಕು.
- ಒಂದನೇ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡೂ ಕಡೆ ತಂತಿ ಒತ್ತಿ. ಮಧ್ಯದಲ್ಲಿ ತಂತಿಗೂ ಫ್ರೆಟ್‌ಗೂ ಕಾಗದದಷ್ಟು ಸಂದು ಇದ್ದರೆ ಸಾಮಾನ್ಯವಾಗಿ ನೆಕ್ ಸರಿ ಇದೆ ಅಂತ.
- ಪ್ರತಿ ತಂತಿಯ ಪ್ರತಿ ಫ್ರೆಟ್‌ನಲ್ಲೂ ಒಂದೊಂದು ಸಲ ಮೀಟಿ. ಯಾವುದಾದರೂ ಜಾಗದಲ್ಲಿ ಝರ್ ಅಂದರೆ, ದನಿ ಸತ್ತರೆ ಗುರುತು ಮಾಡ್ಕೊಳ್ಳಿ.
- ಹನ್ನೆರಡನೇ ಫ್ರೆಟ್‌ನ ಸ್ವರ ತೆರೆದ ತಂತಿಯ ಸ್ವರದ ಸರಿಯಾಗಿ ಮೇಲಿನ ಸ್ಥಾಯಿ ಇರಬೇಕು. ಮೊಬೈಲ್ ಟ್ಯೂನರ್‌ನಲ್ಲೇ ನೋಡಬಹುದು.
- ವಾಲ್ಯೂಮ್, ಟೋನ್ ಗುಬಟಿ ತಿರುಗಿಸಿದಾಗ, ಕೇಬಲ್ ಅಲ್ಲಾಡಿಸಿದಾಗ ಕರಕರ ಸದ್ದು ಬರುತ್ತಾ ಕೇಳಿ.
- ನೆಕ್ ದೇಹಕ್ಕೆ ಸೇರೋ ಕಡೆ, ತಲೆ ಭಾಗದ ಹಿಂದೆ ಬಿರುಕು ಇದ್ದರೆ ಬೇಡ.

ಆನ್‌ಲೈನ್‌ನಲ್ಲಿ ತರಿಸೋರು ವಾಪಸ್ ತಗೋತಾರಾ ಅಂತ ಮೊದಲೇ ಓದ್ಕೊಳ್ಳಿ. ಆಗುತ್ತೆ ಅಂದ್ರೆ ಪೇಟೆಯ ಅಂಗಡಿಗೆ ಹೋಗಿ ಮೂರ್ನಾಲ್ಕು ಹಿಡಿದು ನೋಡಿ ಬರೋದೇ ವಾಸಿ. ಬಸ್ ಚಾರ್ಜು ನಷ್ಟ ಅಲ್ಲ.

ಮಾರುವವರಿಗೂ ಒಂದು ಮಾತು. ಗಿರಾಕಿ ಬಂದು ‘ಒಳ್ಳೇದು ಯಾವುದಿದೆ’ ಅಂದಾಗ ರೇಟ್ ಕಾರ್ಡ್ ತೆಗೆಯೋ ಮುಂಚೆ ‘ಯಾರು ನುಡಿಸೋದು, ಏನು ನುಡಿಸೋದು, ಕೈ ತೋರಿಸಿ’ ಅಂತ ಕೇಳಿ. ಹಾಗೆ ಕೊಟ್ಟ ವಾದ್ಯ ಅಟ್ಟ ಸೇರೋದಿಲ್ಲ. ಆ ಗಿರಾಕಿ ತಂತಿಗೆ, ಬ್ಯಾಟರಿಗೆ ಮತ್ತೆ ಮತ್ತೆ ನಿಮ್ಮಲ್ಲಿಗೇ ಬರ್ತಾರೆ.